ತೂಕದಮ್ಮನ ನಾಲ್ಕು ಪ್ಲಗ್ಗು

ತೂಕದಮ್ಮ ಯಾವ ಅಂಗಡಿಯ ಮೆಟ್ಟಿಲು ಹತ್ತಿದರೂ ಒಳಗಿದ್ದವರ ಮಾತು ತಾನಾಗಿಯೇ ನಿಂತುಹೋಗುತ್ತಿತ್ತು. ಆಕೆ ಕೆಲಸದಿಂದ ನಿವೃತ್ತಿಯಾಗಿ ವರ್ಷಗಳೇ ಉರುಳಿದ್ದವು. ಈಗ ಆಕೆಯ ಕೈಯಲ್ಲಿ ಮುದ್ರೆಯಿಲ್ಲ, ದಂಡ ಹಾಕುವ ಅಧಿಕಾರವಿಲ್ಲ, ಇರುವುದೊಂದು ಬಟ್ಟೆಯ ಕೈಚೀಲ ಮಾತ್ರ. ಆದರೂ ಹಣ್ಣಿನವನು ಆಕೆಯನ್ನು ಕಂಡೊಡನೆ ತಕ್ಕಡಿಯ ತಟ್ಟೆಯನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ. ದಿನಸಿಯವನಂತೂ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರೂ ಏನೂ ಕೇಳದೆಯೇ ಮುಳ್ಳು ನಡುವೆಯೇ ಇದೆ ನೋಡಿಕೊಳ್ಳಿ ಅಮ್ಮ ಎನ್ನುತ್ತಿದ್ದ. ತೊಂದರೆ ಏನೆಂದರೆ ಆಕೆ ನಿಜಕ್ಕೂ ನೋಡುತ್ತಿದ್ದಳು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ನೌಕರಿಯ ಗುಣ ಅದಕ್ಕಿಂತ ಗಟ್ಟಿ.

ಸುತ್ತಲಿನ ಊರುಗಳ ಅಂಗಡಿಗಳಲ್ಲಿ ತಕ್ಕಡಿ, ತೂಕದ ಬಟ್ಟು, ಎಣ್ಣೆಯ ಅಳತೆಪಾತ್ರೆ ಸರಿಯಿವೆಯೋ ಇಲ್ಲವೋ ಎಂದು ಪರೀಕ್ಷಿಸಿ ಮುದ್ರೆ ಒತ್ತುವುದು ಆಕೆಯ ಕೆಲಸವಾಗಿತ್ತು. ಆ ಕೆಲಸಕ್ಕೆಂದೇ ಸ್ವಂತ ದುಡಿಮೆಯಲ್ಲಿ ಕಾರು ಕೊಂಡಿದ್ದಳು. ಬೆಳಗ್ಗೆ ಹೊರಟರೆ ಕತ್ತಲಾಗುವ ಹೊತ್ತಿಗೆ ಮನೆ. ಹಿಂದಿನ ಸೀಟಿನಲ್ಲಿ ಹಿತ್ತಾಳೆಯ ತೂಕಗಳ ಮರದ ಪೆಟ್ಟಿಗೆ, ಪಕ್ಕದ ಸೀಟಿನಲ್ಲಿ ಆ ಪೆಟ್ಟಿಗೆ ಹೊರುವ ಸಹಾಯಕ. ಅವನನ್ನು ಎಲ್ಲರೂ ಪೆಟ್ಟಿಗೆಯಣ್ಣ ಎಂದೇ ಕರೆಯುತ್ತಿದ್ದರು. ಊರಿಗೆ ಊರೇ ಆಕೆಗೆ ತಲೆಬಾಗಿದರೆ ಅವನೊಬ್ಬ ಮಾತ್ರ ದಾರಿಯುದ್ದಕ್ಕೂ ವಾದ ಮಾಡುತ್ತಿದ್ದ. ಬಲಕ್ಕೆ ಹೋಗೋಣ ಅಂದರೆ ಎಡಕ್ಕೆ ಹತ್ತಿರ ಅನ್ನುವನು, ಮೋಡ ಕವಿದಿದೆ ಅಂದರೆ ಅದು ಹೊಗೆ ಅನ್ನುವನು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂದು ಆಕೆ ರೇಗಿದರೆ, ನಮ್ಮಿಬ್ಬರಲ್ಲಿ ಕೋಣ ಯಾರು ಅನ್ನುವುದು ಮೊದಲು ತೀರ್ಮಾನವಾಗಲಿ ಎಂದು ಕಿಟಕಿಯ ಕಡೆ ತಿರುಗಿ ನಗುವನು. ಈಗ ಅವನು ದೂರದ ಊರಿನಲ್ಲಿ ಮಗಳ ಮನೆ ಸೇರಿದ್ದ. ಕಿವಿ ಪೂರ್ತಿ ಮಂದವಾಗಿದ್ದರಿಂದ ಫೋನಿನಲ್ಲೂ ಸಿಗುವವನಲ್ಲ. ಪೆಟ್ಟಿಗೆ ಕಚೇರಿಗೆ ವಾಪಸು ಹೋಗಿತ್ತು. ಉಳಿದದ್ದು ಅದು ಕೂತು ಕೂತು ಹಿಂದಿನ ಸೀಟಿನ ಮೇಲೆ ಮಾಡಿದ ಚೌಕದ ತಗ್ಗು, ಮತ್ತು ಕಾರು.

ಆ ಕಾರು ಈಚೆಗೆ ಸತಾಯಿಸತೊಡಗಿತ್ತು. ಬೆಳಗ್ಗೆ ಹೊತ್ತಿಕೊಳ್ಳಲು ಒಲ್ಲೆ ಅನ್ನುವುದು, ಹೊತ್ತಿಕೊಂಡರೆ ದಮ್ಮಿನವರ ಹಾಗೆ ಕೆಮ್ಮುವುದು, ತಿರುವಿನಲ್ಲಿ ಇದ್ದಕ್ಕಿದ್ದಂತೆ ಉಸಿರು ಕಟ್ಟಿ ನಿಲ್ಲುವುದು. ಬೇರೆ ಊರಿನಲ್ಲಿದ್ದ ತಮ್ಮ ಭಾನುವಾರ ತಪ್ಪದೆ ಫೋನ್ ಮಾಡುತ್ತಿದ್ದ. ಒಳ್ಳೆಯವನೇ, ಆದರೆ ಮಾತು ಸುತ್ತಿ ಬಳಸಿ ಕಾರಿನ ಬುಡಕ್ಕೇ ಬರುತ್ತಿತ್ತು. ಅವನಿಗೆ ಆಕೆ ಅಲ್ಲಿಗೆ ಹೋಗಿದ್ದೆ, ಇಲ್ಲಿಗೆ ಹೋಗಿದ್ದೆ, ಹಳೆಯ ಪರಿಚಯದವರು ಬಿಡದೆ ಕರೆದಿದ್ದರು ಎಂದೆಲ್ಲ ಹೇಳುತ್ತಿದ್ದಳು. ಅಷ್ಟೊಂದು ಓಡಾಡುವವಳು ಆ ಮುದಿ ಗಾಡಿಯನ್ನು ನಂಬಿ ನಡುದಾರಿಯಲ್ಲಿ ನಿಂತರೆ ಗತಿಯೇನು ಎಂದು ಅವನು ಒಂದು ಭಾನುವಾರ ಹಟ ಹಿಡಿದ. ಆಕೆಗೆ ರೇಗಿಹೋಯಿತು. “ಇನ್ನೊಂದು ಸಲ ದಾರೀಲಿ ನಿಲ್ಲಲಿ, ಮಾರಿಬಿಡ್ತೀನಿ” ಎಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಮ್ಮ ಆ ಮಾತನ್ನು ಭದ್ರವಾಗಿ ಹಿಡಿದುಕೊಂಡು, ಹಳೆಯ ಗಾಡಿ ಕೊಳ್ಳುವವನೊಬ್ಬನನ್ನು ಗೊತ್ತು ಮಾಡಿಯೂ ಇಟ್ಟ. ಅಕ್ಕ ಒಮ್ಮೆ ಒತ್ತಿದ ಮುದ್ರೆಯನ್ನು ಅಳಿಸುವವಳಲ್ಲ ಎನ್ನುವುದು ಅವನಿಗೂ ಗೊತ್ತಿತ್ತು.

ಹೀಗಾಗಿ ತೂಕದಮ್ಮ ಬಾನೆಟ್ ಎತ್ತಿ, ಎಂಜಿನ್ನಿನೊಳಗೆ ಕಿಡಿ ಹಾರಿಸುವ ನಾಲ್ಕು ಪ್ಲಗ್ಗುಗಳಲ್ಲಿ ಒಂದನ್ನು ಬಿಚ್ಚಿದಳು. ಒಲೆಯೊಳಗಿಂದ ತೆಗೆದ ಹಾಗೆ ಕಪ್ಪು ಮಸಿ. ಹಳತಾಗಿದೆ, ಹೊಸದು ಹಾಕಿದರಾಯಿತು ಎಂದುಕೊಂಡು ಅದನ್ನು ಕಾಗದದಲ್ಲಿ ಸುತ್ತಿ, ಕಾರಿನ ಜೊತೆ ಬಂದಿದ್ದ ಕೈಪಿಡಿಯನ್ನೂ ಹಿಡಿದು ನಟ್ಟಣ್ಣನ ಅಂಗಡಿಗೆ ಹೋದಳು.

ನಟ್ಟಣ್ಣನದು ಗಾಡಿಗಳ ಬಿಡಿಭಾಗದ ಅಂಗಡಿ. ಅವನಪ್ಪ ಅದೇ ಜಾಗದಲ್ಲಿ ನಟ್ಟು, ಬೋಲ್ಟು, ಮೊಳೆಯನ್ನು ತೂಕಕ್ಕೆ ಮಾರುತ್ತಿದ್ದ. ಅಪ್ಪ ಹೋದ, ಹೆಸರು ಮಗನಿಗೆ ಉಳಿಯಿತು. ಗಿರಾಕಿಗಳ ಕಾಲೆಳೆಯದೆ ಅವನಿಗೆ ಉಂಡ ಅನ್ನ ಕರಗದು. ಆವತ್ತು ಕೂಡ ಯಾರಿಗೋ, ನಿಮ್ಮ ಗಾಡಿಗೆ ಹೊಸ ಹಾರ್ನ್ ಯಾಕೆ, ಬಾಗಿಲುಗಳೇ ಸಾಕಷ್ಟು ಸದ್ದು ಮಾಡುತ್ತವಲ್ಲ ಎನ್ನುತ್ತಿದ್ದ. ತೂಕದಮ್ಮನನ್ನು ಕಂಡದ್ದೇ ನಗು ನುಂಗಿ ಎದ್ದು ನಿಂತ.

ಆಕೆ ಕೈಪಿಡಿ ಬಿಡಿಸಿ, ಪ್ಲಗ್ಗಿನ ನಂಬರಿನ ಮೇಲೆ ಬೆರಳಿಟ್ಟು, ಇದೇ ಬೇಕು, ಬೇರೆ ಯಾವುದೂ ನಡೆಯುವುದಿಲ್ಲ ಎಂದಳು. ನಟ್ಟಣ್ಣ ಹಳೆಯ ಪ್ಲಗ್ಗನ್ನು ಬೆಳಕಿಗೆ ಹಿಡಿದ. ಹೆಬ್ಬೆರಳಿನಿಂದ ಮಸಿ ಉಜ್ಜಿ ನೋಡಿದ. ಏನೋ ಹೇಳುವವನ ಹಾಗೆ ಬಾಯಿ ತೆರೆದ. ಆಕೆ ಕನ್ನಡಕದ ಮೇಲಿಂದ ಅವನನ್ನು ನೋಡಿದಳು. ಅವನು ಬಾಯಿ ಮುಚ್ಚಿಕೊಂಡು, ಸರಿ ಅಮ್ಮ ಎಂದು ಒಳಗೆ ಹೋಗಿ ಅದೇ ನಂಬರಿನ ನಾಲ್ಕನ್ನು ತಂದ. ಆಕೆ ಚೀಲದಿಂದ ಸಂದು ಅಳೆಯುವ ತೆಳುತಗಡುಗಳನ್ನು ತೆಗೆದು, ಪ್ರತಿಯೊಂದರ ತುದಿಯಲ್ಲಿ ಕಿಡಿ ಹಾರುವ ಸಂದನ್ನು ಅಳೆದಳು. ಒಂದರಲ್ಲಿ ಕೂದಲೆಳೆಯಷ್ಟು ಹೆಚ್ಚಿತ್ತು. ಬದಲಿಸು ಎಂದಳು. ಸರಿ ಅಮ್ಮ ಎಂದು ಬದಲಿಸಿದ. ಕೂರಲು ಸ್ಟೂಲು ಮುಂದೆ ಸರಿಸಿದ, ಆಕೆ ಕೂರಲಿಲ್ಲ. ನೌಕರಿಯ ಕಾಲದಲ್ಲಿ ಯಾವ ಅಂಗಡಿಯಲ್ಲೂ ಕೂತವಳಲ್ಲ, ಒಂದು ಲೋಟ ನೀರು ಕುಡಿದವಳಲ್ಲ. ನಾಳೆ ಯಾರೂ ಒಂದು ಮಾತು ಆಡಬಾರದು ಅಂತ. ಈಗ ಆಡುವವರಿರಲಿಲ್ಲ, ಕಾಲು ಮಾತ್ರ ಹಳೆಯ ಹಟದಲ್ಲೇ ನಿಂತಿತ್ತು. ಆಕೆ ಮೆಟ್ಟಿಲಿಳಿದು ಬೀದಿಯ ತಿರುವು ತಲುಪುವಷ್ಟರಲ್ಲಿ ಹಿಂದೆ ಅಂಗಡಿಯಲ್ಲಿ ಮತ್ತೆ ನಗು ಕೇಳಿಸಿತು.

ಪ್ಲಗ್ಗುಗಳನ್ನು ತಾನೇ ಕೂರಿಸಿದಳು. ಎಂಜಿನ್ನು ಒಂದೇ ಸಲಕ್ಕೆ ಹೊತ್ತಿಕೊಂಡು, ಹೊಸ ಹಲ್ಲು ಕಟ್ಟಿಸಿಕೊಂಡವರ ಹಾಗೆ ಹಿಗ್ಗಿತು. ಆವತ್ತಿನಿಂದ ಮತ್ತೆ ಎಂದಿನ ಕ್ರಮ. ಸಂಜೆ ಆಕೆ ಶೆಡ್ಡಿನ ಬಾಗಿಲುಗಳನ್ನು ಪೂರ್ತಿ ತೆರೆದಿಟ್ಟು, ತಣ್ಣಗಿನ ಎಂಜಿನ್ನಿಗೆ ಪೆಟ್ರೋಲು ಹೆಚ್ಚು ಹರಿಸುವ ಚೋಕ್ ಎಳೆದು, ಎಂಜಿನ್ ಹಚ್ಚಿ ಸೀಟಿನಲ್ಲಿ ಕೂರುವಳು. ಎಲ್ಲಿಗೂ ಹೋಗುವುದಕ್ಕಲ್ಲ. ಓಡಿಸದೆ ಬಿಟ್ಟರೆ ಎಂಜಿನ್ನು ಕೂತುಹೋಗುತ್ತದೆ, ದಿನಾ ಒಂದಿಷ್ಟು ಹಚ್ಚಿಟ್ಟರೆ ಗಾಡಿಗೆ ಒಳ್ಳೆಯದು ಎಂದು ಆಕೆಯ ನಂಬಿಕೆ. ಎಂಜಿನ್ನು ಗುಡುಗುಡು ಅನ್ನುತ್ತಿರುತ್ತಿತ್ತು. ಆಕೆ ಪಕ್ಕದ ಖಾಲಿ ಸೀಟಿಗೆ, ಇವತ್ತು ಹಾಲಿನವಳು ಬರಲೇ ಇಲ್ಲ ನೋಡು, ಎದುರುಮನೆಯವರು ಗೇಟಿಗೆ ಎಂಥ ಬಣ್ಣ ಬಳಿದಿದ್ದಾರೆ ನೋಡು ಎಂದು ಹೇಳುವಳು. ಅಲ್ಲ, ಆ ಬಣ್ಣಕ್ಕೇನಾಗಿದೆ ಎಂದು ಕೇಳುವವರಿರಲಿಲ್ಲ. ಹೊರಗೆ ಓಡಿಸಿದರೂ ಅಷ್ಟೆ, ತರಕಾರಿ ಅಂಗಡಿಯ ತನಕ, ಇಲ್ಲವೆ ಅಂಚೆ ಪೆಟ್ಟಿಗೆಯ ತನಕ. ಕಾಗದ ಹಾಕುವುದಕ್ಕೇನೂ ಇರುತ್ತಿರಲಿಲ್ಲ, ಅಲ್ಲಿ ತಿರುಗಿಸಿಕೊಳ್ಳಲು ಜಾಗ ಅಗಲವಾಗಿತ್ತು.

ಕೆಲವು ವಾರ ಕಳೆದಿರಬೇಕು. ನಾಲ್ಕು ರಸ್ತೆ ಕೂಡುವಲ್ಲಿ, ಬೇಕರಿಯ ಎದುರಿಗೇ, ಕಾರು ಎರಡು ಸಲ ಕೆಮ್ಮಿ ನಿಂತೇಹೋಯಿತು. ಹಿಂದಿನವರು ಹಾರ್ನ್ ಮಾಡಿದರು. ಬೇಕರಿಯಲ್ಲಿ ನಿಂತಿದ್ದ ಮೂವರು ನಾಲ್ವರು ತೋಳು ಮಡಚಿ ತಳ್ಳಲು ಬಂದರು. ಕಾರು ತಳ್ಳುವುದೆಂದರೆ ಎಲ್ಲೆಲ್ಲೂ ಒಂದು ತಮಾಷೆ. ಪೆಟ್ರೋಲಿನ ಬದಲು ನೀರು ಹಾಕಿದ್ದೀರಾ, ಗಾಡಿಗೆ ನಿದ್ದೆ ಬಂತಾ ಎಂದೆಲ್ಲ ಜನ ಅನ್ನುತ್ತಲೇ ತಳ್ಳುತ್ತಾರೆ. ಇವರೂ ನಗುತ್ತಲೇ ಬಂದರು. ಒಳಗಿದ್ದವಳು ಯಾರು ಎಂದು ಕಿಟಕಿಯಲ್ಲಿ ಕಂಡಿತು. ಆಮೇಲೆ ಒಬ್ಬರೂ ತುಟಿ ಪಿಟಕ್ಕೆನ್ನದೆ, ಹೆಣ ಹೊತ್ತವರ ಹಾಗೆ, ಕಾರನ್ನು ರಸ್ತೆಯ ಅಂಚಿಗೆ ತಳ್ಳಿ ನಿಲ್ಲಿಸಿದರು. ಆಕೆ ಇಳಿದು ಉಪಕಾರವಾಯಿತು ಎಂದಾಗ, ಪರವಾಗಿಲ್ಲ ಅಮ್ಮ, ಪರವಾಗಿಲ್ಲ ಎನ್ನುತ್ತ ಚದುರಿದರು.

ಒಬ್ಬನಾದರೂ ಒಂದು ಕುಹಕ ಆಡಬಾರದಿತ್ತೇ ಎಂದು ಆಕೆಗೆ ಅನಿಸಿತು. ಮಾರುವ ಮಾತು ನೆನಪಾದದ್ದು ಅದಾದ ಮೇಲೆ.

ರಸ್ತೆಯ ಅಂಚಿನಲ್ಲೇ ಬಾನೆಟ್ ಎತ್ತಿ, ಎಂಜಿನ್ನು ತಣಿದ ಮೇಲೆ ನಾಲ್ಕೂ ಪ್ಲಗ್ಗು ಬಿಚ್ಚಿದಳು. ಮೊನ್ನೆ ಮೊನ್ನೆ ಹೊಳೆಯುತ್ತಿದ್ದಂಥವು ಈಗ ಹಳೆಯದರಷ್ಟೇ ಕಪ್ಪಾಗಿದ್ದವು. ಕರವಸ್ತ್ರದಲ್ಲಿ ಕಟ್ಟಿಕೊಂಡು ನೆಟ್ಟಗೆ ನಟ್ಟಣ್ಣನ ಅಂಗಡಿಗೆ ನಡೆದಳು. ಮಧ್ಯಾಹ್ನದ ಹೊತ್ತು, ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಎದ್ದು ನಿಲ್ಲುವುದರೊಳಗೆ ಆಕೆ ಗಂಟು ಬಿಚ್ಚಿ ಮೇಜಿನ ಗಾಜಿನ ಮೇಲೆ ಸುರಿದಳು. ಕೆಟ್ಟ ಮಾಲು ಕೊಟ್ಟಿದ್ದೀಯ ಎಂದು ಬೈಯಲೆಂದೇ ಬಂದಿದ್ದವಳಿಗೆ ಅವನ ಮುಖ ಕಂಡು ಮಾತು ಬೇರೆಯಾಯಿತು. ಅವನಿಗೆ ಆಶ್ಚರ್ಯವೇ ಆಗಿರಲಿಲ್ಲ.

“ಹೀಗಾಗುತ್ತೆ ಅಂತ ನಿನಗೆ ಮೊದಲೇ ಗೊತ್ತಿತ್ತಾ?”

ನಟ್ಟಣ್ಣ ಒಂದು ಪ್ಲಗ್ಗನ್ನು ಉರುಳಿಸಿ ನಿಲ್ಲಿಸಿದ. “ಗೊತ್ತಿತ್ತಮ್ಮ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನಿಮಗೆ ಯಾರು ಹೇಳ್ತಾರಮ್ಮ?”

ಅದರಲ್ಲಿ ಕೊಂಕಿರಲಿಲ್ಲ. ಹೊರಗೆ ಬಿಸಿಲಿದೆ ಅನ್ನುವ ಹಾಗೆ ಹೇಳಿದ. ಹೇಳಿದ ಮೇಲೆ ಅವನಿಗೇ ಗಾಬರಿಯಾಗಿ, ತನ್ನಪ್ಪ ಯಾರು ಬಂದರೂ ಕೂತ ಕಡೆಯಿಂದ ಏಳುವವನಲ್ಲ, ಬೀಗರು ಬಂದರೂ ಎದ್ದವನಲ್ಲ, ಈ ಅಮ್ಮ ಬಂದರೆ ಮಾತ್ರ ಎದ್ದು ನಿಲ್ಲುತ್ತಿದ್ದ, ಅದನ್ನು ನೋಡಿ ಬೆಳೆದ ತನಗೆ ನಾಲಿಗೆ ಹೇಗೆ ಏಳಬೇಕು ಎಂದು ಏನೇನೋ ಸಮಜಾಯಿಷಿ ಕೊಡತೊಡಗಿದ. ತಕ್ಕಡಿ ಸರಿಯಿದ್ದರೂ ಅಪ್ಪ ಬಟ್ಟುಗಳನ್ನು ಮತ್ತೆ ಮತ್ತೆ ಒರೆಸುತ್ತಿದ್ದನಂತೆ.

ತೂಕದಮ್ಮ ಕೇಳಿಸಿಕೊಳ್ಳುತ್ತಲೇ ಸ್ಟೂಲನ್ನು ಎಳೆದುಕೊಂಡು ಕೂತಳು. ನಟ್ಟಣ್ಣನ ಮಾತು ನಡುವೆಯೇ ನಿಂತಿತು. ಅವನು ಒಳಗೆ ಹೋಗಿ ಒಂದು ಲೋಟ ನೀರು ತಂದಿಟ್ಟ. ಆಕೆ ಅದನ್ನು ಸ್ವಲ್ಪ ಹೊತ್ತು ನೋಡಿ, ಎತ್ತಿ ಕುಡಿದಳು. ಆಮೇಲೆ, ಈಗ ಹೇಳು, ಆವತ್ತು ಬಾಯಿ ತೆರೆದು ಮುಚ್ಚಿಕೊಂಡೆಯಲ್ಲ, ಅದನ್ನು ಹೇಳು ಎಂದಳು.

ಅವನು ಕೇಳಿದ್ದು ಒಂದೇ ಪ್ರಶ್ನೆ. “ಗಾಡಿ ಎಲ್ಲೆಲ್ಲಿ ಓಡಾಡುತ್ತೆ?”

ತಮ್ಮನಿಗೆ ಹೇಳುವ ಊರುಗಳ ಹೆಸರೆಲ್ಲ ಆಕೆಯ ಬಾಯಿಗೆ ಬಂದವು. ಒಂದು ಹೆಸರು ಅರ್ಧ ಹೊರಗೂ ಬಿತ್ತು. ಆದರೆ ನಾಲ್ಕು ಕಪ್ಪು ಪ್ಲಗ್ಗುಗಳು ಇಬ್ಬರ ನಡುವೆ ಗಾಜಿನ ಮೇಲೆ ಬಿದ್ದಿದ್ದವು. ಬದುಕಿಡೀ ಕಳ್ಳ ತೂಕ ಹಿಡಿದವಳಿಗೆ ಅವುಗಳ ಮುಂದೆ ಸುಳ್ಳು ಹೇಳಲು ನಾಚಿಕೆಯಾಯಿತು.

“ಎಲ್ಲೂ ಇಲ್ಲ” ಎಂದಳು. “ಶೆಡ್ಡಲ್ಲಿ ಹಚ್ಚಿ ಕೂತಿರ್ತೀನಿ.”

ನಟ್ಟಣ್ಣ ನಗಲಿಲ್ಲ, ಅಯ್ಯೋ ಎನ್ನಲೂ ಇಲ್ಲ. ಚೋಕ್ ಎಳೆದೇ ಇರ್ತೀರಾ ಎಂದು ಮಾತ್ರ ಕೇಳಿದ. ಆಕೆ ಹೂಂ ಎಂದಳು. ಹಾಗಿದ್ದರೆ ಮಸಿ ಹಿಡಿಯದೆ ಇನ್ನೇನು ಎಂದ. ಎಂಜಿನ್ನಿಗೆ ಒಳ್ಳೆಯದಾಗಲಿ ಎಂದು ಆಕೆ ಮಾಡುತ್ತಿದ್ದುದೇ ಪ್ಲಗ್ಗಿನ ಕತ್ತು ಹಿಸುಕುತ್ತಿತ್ತು. ನಿಂತಲ್ಲೇ ಉರಿಯುವ ಎಂಜಿನ್ನು ಚೆನ್ನಾಗಿ ಕಾಯುವುದಿಲ್ಲ, ಪ್ಲಗ್ಗಿನ ಮೂತಿ ಬಿಸಿಯಾಗುವುದಿಲ್ಲ, ಬಿಸಿಯಾಗದಿದ್ದರೆ ಮಸಿ ಸುಟ್ಟುಹೋಗುವುದಿಲ್ಲ. ಕೈಪಿಡಿಯಲ್ಲಿದ್ದ ನಂಬರು ತಣ್ಣನೆ ಪ್ಲಗ್ಗಿನದು. ಮೈಲುಗಟ್ಟಲೆ ಓಡಿ ಕೆಂಡವಾಗುವ ಎಂಜಿನ್ನಿಗೆ ಅದು ಸರಿ, ಶಾಖವನ್ನು ಬೇಗ ದಾಟಿಸಿಬಿಡುತ್ತದೆ. ಮನೆ ಬಿಟ್ಟು ಕದಲದ ಎಂಜಿನ್ನಿಗೆ ಬಿಸಿ ಪ್ಲಗ್ಗು ಬೇಕು, ಸಿಕ್ಕಷ್ಟೇ ಶಾಖವನ್ನು ಮೂತಿಯಲ್ಲೇ ಹಿಡಿದಿಟ್ಟುಕೊಳ್ಳುವಂಥದ್ದು. ಬಿಸಿಗೆ ತಣ್ಣನೆಯದು, ತಣ್ಣಗಿರುವುದಕ್ಕೆ ಬಿಸಿಯದು, ಇಷ್ಟೇ ಅಮ್ಮ ಎಂದ.

ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿದ್ದಾರಲ್ಲ ಎಂದು ಆಕೆ ಇನ್ನೊಮ್ಮೆ ಎದೆಯುಬ್ಬಿಸಿದಳು. ನಿಯಮ ನಿಯಮವೇ.

“ಪುಸ್ತಕ ಬರೆದೋರು ಓಡೋ ಗಾಡಿಗೆ ಬರೆದಿದ್ದು. ನಿಮ್ಮ ಆವತ್ತಿನ ಗಾಡಿಗೆ” ಎಂದ ನಟ್ಟಣ್ಣ. “ಇವತ್ತಿನದಕ್ಕೆ ಯಾರೂ ಬರೆದಿಲ್ಲ.”

ಹಾಗಾದರೆ ತೋರಿಸು ಎಂದಳು ತೂಕದಮ್ಮ. ಅವನು ಏಣಿ ಹತ್ತಿ ಡಬ್ಬಿಗಳನ್ನು ತಡಕಾಡಿ, ಬೇಕಾದ ಜಾತಿಯದೊಂದನ್ನು ತಂದು ಆಕೆಯ ಮುಂದಿಟ್ಟ. ಆಕೆ ಅದನ್ನು ಹಳೆಯದರ ಪಕ್ಕ ಮಲಗಿಸಿ ನೋಡಿದಳು. ಮರೆ, ಅಂದರೆ ತಿರುಪಿನ ಗೆರೆಗಳಿರುವ ಭಾಗ, ಹೊಸದರಲ್ಲಿ ಉದ್ದವಿತ್ತು. ಇದನ್ನು ಹಾಕಿದರೆ ಒಳಗೆ ಮೂತಿ ಚಾಚಿ ಪಿಸ್ಟನ್ನಿಗೇ ಬಡಿದೀತು ಎಂದಳು. ನಟ್ಟಣ್ಣ ಬಗ್ಗಿ ನೋಡಿ ನಾಲಿಗೆ ಕಚ್ಚಿಕೊಂಡ. ಮತ್ತೆ ಏಣಿ ಹತ್ತಿದ. ಈ ಸಲ ತಂದ ನಾಲ್ಕೂ ಉದ್ದ, ದಪ್ಪ, ಸಂದು ಎಲ್ಲದರಲ್ಲೂ ಹಳೆಯದರ ಅವಳಿ, ಬಿಸಿಯಲ್ಲಿ ಮಾತ್ರ ಒಂದು ಮೆಟ್ಟಿಲು ಹೆಚ್ಚು. ಆಕೆ ನಾಲ್ಕನ್ನೂ ಅಳೆದಳು. ಯಾವುದನ್ನೂ ಬದಲಿಸು ಎನ್ನಲಿಲ್ಲ.

ಕಟ್ಟಿ ಕೊಡುವ ಹೊತ್ತಿಗೆ ಆಕೆ ತಡೆದಳು. ಕಾರು ದಾರಿಯಲ್ಲಿ ನಿಂತಿದೆ, ತಮ್ಮನಿಗೆ ಮಾತು ಕೊಟ್ಟಾಗಿದೆ, ಇನ್ನು ಮಾರಲೇಬೇಕು, ಈ ಪ್ಲಗ್ಗು ಯಾರ ಉಪಯೋಗಕ್ಕೆ ಎಂದಳು. ಧ್ವನಿ ಎಂದಿನ ಹಾಗೆ ಗಟ್ಟಿಯಾಗಿಯೇ ಇತ್ತು, ಕೈ ಮಾತ್ರ ಕರವಸ್ತ್ರವನ್ನು ಮಡಚುತ್ತ ಬಿಡಿಸುತ್ತ ಇತ್ತು. ನಟ್ಟಣ್ಣ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎಲ್ಲವನ್ನೂ ಕೇಳಿಸಿಕೊಂಡ.

“ಅಮ್ಮ, ತಕ್ಕಡಿ ತಪ್ಪಿದ್ರೆ ಸಕ್ಕರೆಗೆ ದಂಡ ಹಾಕ್ತಿದ್ರಾ ನೀವು?”

ಆಕೆ ಅವನನ್ನೇ ನೋಡಿದಳು. ಕನ್ನಡಕದ ಮೇಲಿಂದಲ್ಲ, ಕನ್ನಡಕದೊಳಗಿಂದಲೇ. ಇಷ್ಟು ವರ್ಷ ಈ ಊರಿನಲ್ಲಿ ಇಂಥ ಒಂದು ಮಾತನ್ನು ಆಕೆಯ ಎದುರು ಯಾರೂ ಆಡಿರಲಿಲ್ಲ. ಪೆಟ್ಟಿಗೆಯಣ್ಣನಾದರೆ ಆಡುತ್ತಿದ್ದ, ಅದೂ ಇನ್ನಷ್ಟು ಉದ್ದವಾಗಿ. ಗಾಡಿಯದೇನೂ ತಪ್ಪಿಲ್ಲ, ಅದಕ್ಕೆ ಹಾಕಿದ ಅಳತೆ ತಪ್ಪು, ತಪ್ಪು ಅಳತೆಯಲ್ಲಿ ಅಳೆದದ್ದು ಲೆಕ್ಕಕ್ಕಿಲ್ಲ. ನೌಕರಿಯ ಮೊದಲನೇ ಪಾಠವೇ ಅದು.

ಕಟ್ಟು ಎಂದಳು. ಅವನು ಕಟ್ಟಿದ.

ಹೊರಡುವಾಗ, ಈ ಸಲ ಸ್ಪ್ಯಾನರಿನಲ್ಲಿ ಮೈಬಲವೆಲ್ಲ ಹಾಕಿ ಬಿಗಿಯುತ್ತೇನೆ, ಹೋದ ಸಲ ಸಡಿಲವಿತ್ತೋ ಏನೋ ಎಂದು ಆಕೆ ತನ್ನಷ್ಟಕ್ಕೇ ಗೊಣಗಿಕೊಂಡಳು.

“ತಪ್ಪು” ಎಂದ ನಟ್ಟಣ್ಣ, ತಲೆ ಕೂಡ ಎತ್ತದೆ. “ಕೈಯಲ್ಲಿ ಪೂರ್ತಿ ಕೂರಿಸಿ, ಸ್ಪ್ಯಾನರಲ್ಲಿ ಇನ್ನರ್ಧ ಸುತ್ತು. ಮರೆ ಹೋದ್ರೆ ಎಂಜಿನ್ನೇ ಹೋಯ್ತು. ನಿಮ್ಮ ಕೈ ಜೋರು, ಊರಿಗೇ ಗೊತ್ತು.”

ಸ್ವಲ್ಪ ಓಡಿಸಿದ ಮೇಲೆ ಒಂದನ್ನು ಬಿಚ್ಚಿ ತನ್ನಿ, ಬಣ್ಣ ನೋಡೋಣ, ಕಾಫಿಪುಡಿ ಬಣ್ಣ ಬಂದರೆ ಗೆದ್ದ ಹಾಗೆ, ಎಂದಾದರೂ ದೂರ ಹೋಗುವ ಹಾಗಿದ್ದರೆ ಮೊದಲೇ ಹೇಳಿ, ಹಳೆಯ ನಂಬರನ್ನೇ ಹಾಕೋಣ ಎಂದೂ ಸೇರಿಸಿದ. ಆಗಲಿ ಎಂದು ಆಕೆ ಮೆಟ್ಟಿಲಿಳಿದಳು. ತಿರುವಿನಲ್ಲಿ ಒಂದು ಗಳಿಗೆ ನಿಂತು ಕಿವಿಗೊಟ್ಟಳು. ಅಂಗಡಿಯಲ್ಲಿ ಯಾರೂ ಇರಲಿಲ್ಲವಲ್ಲ, ನಗುವವರಾದರೂ ಯಾರು.

ಕಾರಿನ ಬಳಿ ಹೋಗಿ ಪ್ಲಗ್ಗು ಕೂರಿಸಿದಳು. ಕೈಯಲ್ಲಿ ಪೂರ್ತಿ, ಸ್ಪ್ಯಾನರಿನಲ್ಲಿ ಅರ್ಧ ಸುತ್ತು. ಇನ್ನೊಂದಿಷ್ಟು ಬಿಗಿಯೋಣ ಎಂದು ಕೈ ತುರಿಸಿತು. ತಪ್ಪು ಎಂದು ತಾನೇ ಗಟ್ಟಿಯಾಗಿ ಹೇಳಿಕೊಂಡು ಬಿಟ್ಟಳು. ಎಂಜಿನ್ನು ಹೊತ್ತಿಕೊಂಡಿತು. ಮನೆಯ ತನಕ ಕೆಮ್ಮಲಿಲ್ಲ. ಮನೆಯೇನು ದೂರವೇ, ಎಂಜಿನ್ನು ಸರಿಯಾಗಿ ಕಾಯುವಷ್ಟರಲ್ಲಿ ಬಂದೇಬಿಟ್ಟಿತು. ಆ ಸಂಜೆ ಆಕೆ ಶೆಡ್ಡಿನಲ್ಲಿ ಎಂಜಿನ್ ಹಚ್ಚಲಿಲ್ಲ. ಸದ್ದಿಲ್ಲದ ಕಾರಿನಲ್ಲಿ ಒಂದಿಷ್ಟು ಹೊತ್ತು ಕೂತು ನೋಡಿದಳು. ಖಾಲಿ ಸೀಟಿಗೆ ಹೇಳಲು ತುಂಬ ಇತ್ತು, ಆದರೆ ಎಂಜಿನ್ನಿನ ಗುಡುಗುಡು ಇಲ್ಲದೆ ತನ್ನ ದನಿ ತನಗೇ ಬೇರೆಯವರದ್ದೆಂಬಂತೆ ಕೇಳಿಸಿತು. ಎದ್ದು ಒಳಗೆ ಹೋದಳು.

ಭಾನುವಾರ ತಮ್ಮ ಫೋನ್ ಮಾಡಿದ. ಆಕೆ ತಾನಾಗಿಯೇ, ಕಾರು ಬೇಕರಿಯ ಎದುರಿಗೆ ನಿಂತುಹೋಗಿತ್ತು ಎಂದು ಹೇಳಿದಳು. ಹಾಗಿದ್ದರೆ ಕೊಳ್ಳುವವನನ್ನು ಕಳಿಸುತ್ತೇನೆ ಎಂದು ಅವನು ಹಿಗ್ಗಿದ. ಬೇಡ, ಮಾರುವುದಿಲ್ಲ ಎಂದಳು. ಕೊಟ್ಟ ಮಾತು ಏನಾಯಿತು ಅಕ್ಕ ಎಂದ. ತಪ್ಪು ಅಳತೆಯ ಮೇಲೆ ಕೊಟ್ಟ ಮಾತು ಅದು, ಲೆಕ್ಕಕ್ಕಿಲ್ಲ ಎಂದಳು. ಅವನಿಗೆ ತಲೆಬುಡ ತಿಳಿಯಲಿಲ್ಲ. ಅಷ್ಟೆಲ್ಲ ಊರು ಸುತ್ತುವವಳು, ದಾರಿಯಲ್ಲಿ ಹೆಚ್ಚುಕಡಿಮೆಯಾದರೆ ಯಾರಿದ್ದಾರೆ ನಿನಗೆ ಎಂದು ಮತ್ತೆ ಶುರುಮಾಡಿದ.

“ನಾನೆಲ್ಲೂ ಹೋಗಲ್ಲ ಕಣೋ” ಎಂದಳು ತೂಕದಮ್ಮ. “ಕೆಲಸ ಮುಗಿದ ಮೇಲೆ ಯಾವತ್ತೂ ಹೋಗಿಲ್ಲ. ಅಂಥವರ ಗಾಡಿಗೆ ಅಂತಲೇ ಬೇರೆ ಪ್ಲಗ್ಗು ಬರುತ್ತೆ. ಹಾಕಿಸ್ಕೊಂಡಿದ್ದೀನಿ.”

ತಮ್ಮನ ಮನೆಯಲ್ಲಿ ಯಾರೋ ಪಾತ್ರೆ ಜೋಡಿಸುತ್ತಿದ್ದ ಸದ್ದು ಫೋನಿನಲ್ಲಿ ಕೇಳಿಸುತ್ತಿತ್ತು. ಕೊನೆಗೆ, ಕಾರಿನ ಮಾತು ಬಿಟ್ಟು, ಊಟ ಆಯ್ತಾ ಅಕ್ಕ ಎಂದು ಕೇಳಿದ.

ಪ್ರತಿ ಸಲ ಆಯಿತು ಎನ್ನುತ್ತಿದ್ದಳು. ಈ ಸಲ, ಇನ್ನೂ ಇಲ್ಲ ಎಂದಳು.